ಖಾಲಿ ಪಂಜರ ಹೇಳಿದ್ದು: ಕುಡಿತದ ಅಳತೆ ತಪ್ಪಿದ ಒಂದು ಪ್ರಕರಣ

ಆಲ್ಕೋಹಾಲ್ ಕುಡಿಯುವ ನಡವಳಿಕೆಯನ್ನು ಅಭ್ಯಾಸ ಮಾಡುವ ಒಂದು ತಂಡದಲ್ಲಿ ನಡೆದ ಘಟನೆ ಇದು. ಆ ತಂಡದಲ್ಲಿ ಅಂಕಿ-ಅಂಶದ ಕೆಲಸ ನನ್ನದಾಗಿತ್ತು. ಯಾರ ಹೆಸರೂ ಇಲ್ಲಿಲ್ಲ, ಸಂಸ್ಥೆಯ ಗುರುತೂ ಇಲ್ಲ. ನಾಲ್ಕು ಜನ ಮುಖ್ಯವಾಗಿ ಬರುತ್ತಾರೆ: ತಂಡದ ಮುಖ್ಯಸ್ಥರು, ಪ್ರಯೋಗ ಮಾಡಿದ ಸಂಶೋಧನಾ ವಿದ್ಯಾರ್ಥಿನಿ, ಮನುಷ್ಯರ ಕುಡಿತದ ಬಗ್ಗೆ ಕೆಲಸ ಮಾಡುವ ಇನ್ನೊಂದು ತಂಡದ ಹಿರಿಯ ಸಂಶೋಧಕಿ, ಮತ್ತು ಇಲಿಗಳ ಕೋಣೆ ನೋಡಿಕೊಳ್ಳುತ್ತಿದ್ದ ಸಹಾಯಕರು. ತಪ್ಪು ಇವರಲ್ಲಿ ಯಾರೊಬ್ಬರದೂ ಅಲ್ಲ. ನಾನೂ ಅದರಲ್ಲಿ ಪಾಲುದಾರ.

ನಮ್ಮ ಪ್ರಶ್ನೆ ಸರಳವಾಗಿತ್ತು. ಒತ್ತಡ ಜಾಸ್ತಿಯಾದರೆ ಕುಡಿತವೂ ಜಾಸ್ತಿಯಾಗುತ್ತದೆಯೇ? ಬದುಕಿನಲ್ಲಿ ನೋಡಿದವರು ಹೌದು ಅಂತ ತಕ್ಷಣ ಹೇಳುತ್ತಾರೆ. ಆದರೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಉತ್ತರ ಅಷ್ಟು ನೇರವಾಗಿಲ್ಲ. ಕೆಲವು ಕಡೆ ಕುಡಿತ ಏರಿದೆ, ಕೆಲವು ಕಡೆ ಏನೂ ಬದಲಾಗಿಲ್ಲ, ಇಳಿದದ್ದೂ ಉಂಟು. ಈ ಗೊಂದಲಕ್ಕೆ ಕಾರಣ ಹುಡುಕಬೇಕು ಅನ್ನುವುದು ಮುಖ್ಯಸ್ಥರ ಆಸೆ.

ಎರಡು ಬಾಟಲಿಯ ಪರೀಕ್ಷೆ

ಇಲಿ ಎಷ್ಟು ಕುಡಿಯಿತು ಅಂತ ತಿಳಿಯಲು ಹಳೆಯ, ನಂಬಿಕೆಯ ವಿಧಾನ ಒಂದಿದೆ. ಪಂಜರದ ಮೇಲೆ ಎರಡು ಬಾಟಲಿ ಇಡುತ್ತಾರೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಆಲ್ಕೋಹಾಲ್ ಬೆರೆಸಿದ ನೀರು. ಇಡುವ ಮೊದಲು ತೂಗಬೇಕು, ತೆಗೆದ ಮೇಲೆ ಮತ್ತೆ ತೂಗಬೇಕು. ಕಡಿಮೆಯಾದಷ್ಟು ತೂಕ ಇಲಿಯ ಹೊಟ್ಟೆಗೆ ಹೋಯಿತು ಅಂತ ಲೆಕ್ಕ. ಕೆಲವು ಇಲಿಗಳು ಸುಮ್ನೆ ಎಡಗಡೆಯ ಬಾಟಲಿಗೇ ಹೋಗುತ್ತವೆ. ಅದಕ್ಕೇ ಬಾಟಲಿಗಳ ಜಾಗವನ್ನು ಆಗಾಗ ಅದಲು ಬದಲು ಮಾಡುತ್ತಾರೆ.

1959ರಲ್ಲಿ ಮ್ಯಾಕ್ಲರ್ನ್ ಮತ್ತು ರಾಜರ್ಸ್ ಎಂಬ ವಿಜ್ಞಾನಿಗಳು ಇದೇ ರೀತಿಯ ಆಯ್ಕೆಯ ಪರೀಕ್ಷೆಯಲ್ಲಿ ಒಂದು ದೊಡ್ಡ ವಿಷಯ ತೋರಿಸಿದರು. ಸಿ57 ತಳಿಯ ಕಪ್ಪು ಇಲಿಗಳು ಆಲ್ಕೋಹಾಲ್ ಬಾಟಲಿಯನ್ನು ಇಷ್ಟಪಟ್ಟು ಕುಡಿಯುತ್ತವೆ, ಡಿಬಿಎ ತಳಿಯವು ಹೆಚ್ಚು ಕಡಿಮೆ ಮುಟ್ಟುವುದೇ ಇಲ್ಲ. ಕುಡಿಯುವ ಒಲವಿನಲ್ಲಿ ವಂಶದ ಪಾಲಿದೆ ಅನ್ನುವುದಕ್ಕೆ ಅದು ಗಟ್ಟಿ ಸಾಕ್ಷಿಯಾಯಿತು. ಮುಂದೆ 1999ರಲ್ಲಿ ಕ್ರ್ಯಾಬ್, ವಾಲ್ಸ್ಟನ್ ಮತ್ತು ಡೂಡೆಕ್ ಒಂದೇ ಪ್ರಯೋಗಗಳನ್ನು ಮೂರು ಪ್ರಯೋಗಾಲಯಗಳಲ್ಲಿ ಒಂದೇ ಕ್ರಮದಲ್ಲಿ ಮಾಡಿದರು. ಭಯ, ಓಡಾಟದಂಥ ಪರೀಕ್ಷೆಗಳಲ್ಲಿ ಜಾಗದಿಂದ ಜಾಗಕ್ಕೆ ಉತ್ತರ ಬದಲಾಯಿತು. ಆಲ್ಕೋಹಾಲ್ ಬಾಟಲಿಯ ಆಯ್ಕೆಯಲ್ಲಿ ಮಾತ್ರ ತಳಿಗಳ ನಡುವಿನ ವ್ಯತ್ಯಾಸ ಎಲ್ಲ ಕಡೆಯೂ ಒಂದೇ ಥರ ಕಾಣಿಸಿತು.

ಈ ಮಾತು ನಮ್ಮ ತಂಡದಲ್ಲಿ ಎಲ್ಲರ ಬಾಯಲ್ಲೂ ಇತ್ತು. "ಈ ಅಳತೆ ಅಲ್ಲಾಡಲ್ಲ" ಅಂತ ಹೇಳುತ್ತಿದ್ದೆವು. ಅದು ಒಂದು ತಳಿಯನ್ನು ಇನ್ನೊಂದರ ಜೊತೆ ಹೋಲಿಸಿದಾಗ ಹೇಳಿದ ಮಾತು, ಪಂಜರವನ್ನೇ ಎತ್ತಿಕೊಂಡು ಓಡಾಡುವ ಪ್ರಯೋಗಕ್ಕೆ ಅಲ್ಲ. ಆ ಮಾತಿನ ಗಡಿ ಎಲ್ಲಿ ಮುಗಿಯುತ್ತದೆ ಅಂತ ನಾವು ಕೇಳಿಕೊಳ್ಳಲಿಲ್ಲ.

ಪ್ರಯೋಗ ಹೀಗಿತ್ತು. ಸಿ57 ತಳಿಯ 32 ಇಲಿಗಳು, ಒಂದೊಂದು ಪಂಜರದಲ್ಲಿ ಒಂದೊಂದು. ಅರ್ಧಕ್ಕೆ ಒತ್ತಡ, ಅರ್ಧಕ್ಕೆ ಇಲ್ಲ. ದಿನ ಬಿಟ್ಟು ದಿನ 24 ಗಂಟೆ ಕಾಲ 20 ಪ್ರತಿಶತ ಆಲ್ಕೋಹಾಲ್ ಬಾಟಲಿ ಸಿಗುತ್ತಿತ್ತು. ಹೀಗೆ ಬಿಟ್ಟು ಬಿಟ್ಟು ಕೊಟ್ಟರೆ ಇಲಿಗಳು ದಿನಾ ಕೊಟ್ಟದ್ದಕ್ಕಿಂತ ಜಾಸ್ತಿ ಕುಡಿಯುತ್ತವೆ ಅನ್ನುವುದು ಗೊತ್ತಿರುವ ವಿಷಯ. ಒತ್ತಡದ ಗುಂಪಿನ ಪಂಜರಗಳನ್ನು ತಳ್ಳುಗಾಡಿಯಲ್ಲಿ ಪಕ್ಕದ ಕೋಣೆಗೆ ಒಯ್ಯುತ್ತಿದ್ದರು. ಅಲ್ಲಿ ಇಲಿಯನ್ನು ಗಾಳಿಯಾಡುವ ಕಿರಿದಾದ ಕೊಳವೆಯಲ್ಲಿ ಅರ್ಧ ಗಂಟೆ ಕೂಡಿಟ್ಟು, ಮತ್ತೆ ಅದರ ಪಂಜರಕ್ಕೇ ಬಿಟ್ಟು, ವಾಪಸ್ ತರುತ್ತಿದ್ದರು. ಬಾಟಲಿಗಳನ್ನು ತೆಗೆಯುತ್ತಿರಲಿಲ್ಲ. ತೆಗೆದರೆ ಇಲಿಗೆ ಕುಡಿಯಲು ಸಿಗುವ ಹೊತ್ತು ಕಡಿಮೆಯಾಗುತ್ತದೆ ಅನ್ನುವುದು ನಮ್ಮ ಕಾಳಜಿ.

ಬಾಟಲಿ ತಾನಾಗಿ ಸೋರುವುದೂ ಉಂಟು ಅಂತ ನಮಗೆ ಗೊತ್ತಿತ್ತು. ಎಲ್ಲರೂ ಮಾಡುವಂತೆ ನಾವೂ ಒಂದು ಖಾಲಿ ಪಂಜರ ಇಟ್ಟಿದ್ದೆವು. ಇಲಿ ಇಲ್ಲದ ಪಂಜರ, ಆದರೆ ಎರಡೂ ಬಾಟಲಿ ಇರುವ ಪಂಜರ. ಅದರಲ್ಲಿ ಕಡಿಮೆಯಾದಷ್ಟನ್ನು ಎಲ್ಲ ಇಲಿಗಳ ಲೆಕ್ಕದಿಂದ ಕಳೆಯುತ್ತಿದ್ದೆವು. ಆ ಖಾಲಿ ಪಂಜರ ರ‍್ಯಾಕ್‌ನ ಮೇಲಿನ ಸಾಲಿನಲ್ಲಿ ತನ್ನ ಜಾಗದಲ್ಲೇ ಕೂತಿತ್ತು. ಅದು ಎಲ್ಲಿಗೂ ಹೋಗುತ್ತಿರಲಿಲ್ಲ.

ಬಂದ ಫಲಿತಾಂಶ

ನಾಲ್ಕು ವಾರದ ಕೊನೆಗೆ ಬಂದ ಚಿತ್ರ ನೋಡಿ ಎಲ್ಲರಿಗೂ ಖುಷಿ. ಒತ್ತಡದ ಗುಂಪು ಸ್ಪಷ್ಟವಾಗಿ ಜಾಸ್ತಿ ಕುಡಿದಿತ್ತು. ಒಂದೆರಡು ಇಲಿಗಳಿಂದಾಗಿ ಬಂದ ವ್ಯತ್ಯಾಸವೂ ಅಲ್ಲ, ಹೆಚ್ಚು ಕಡಿಮೆ ಎಲ್ಲವೂ.

ನನಗೆ ಒಂದು ಅನುಮಾನ ಬಂತು. ನೀರಿನ ಬಾಟಲಿಯೂ ಸ್ವಲ್ಪ ಜಾಸ್ತಿ ಖಾಲಿಯಾಗಿತ್ತು. ಬಾಯಾರಿಕೆಯೇ ಹೆಚ್ಚಾಗಿದ್ದರೆ? ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಒಟ್ಟು ಕುಡಿದದ್ದರಲ್ಲಿ ಆಲ್ಕೋಹಾಲ್‌ನ ಪಾಲು ಎಷ್ಟು ಅಂತ ನೋಡಬೇಕು. ಎರಡೂ ಸಮನಾಗಿ ಏರಿದ್ದರೆ ಆ ಪಾಲು ಬದಲಾಗುವುದಿಲ್ಲ. ನಮ್ಮಲ್ಲಿ ಪಾಲೂ ಏರಿತ್ತು. ಅಂದರೆ ಇಲಿಗಳು ಆಲ್ಕೋಹಾಲನ್ನೇ ಆರಿಸಿಕೊಂಡಿವೆ. ನಾನು ಹಾಗಂತಲೇ ಬರೆದುಕೊಟ್ಟೆ. ಆ ಹೊತ್ತಿಗೆ ನನ್ನ ಅನುಮಾನ ಅಲ್ಲಿಗೆ ಮುಗಿಯಿತು.

ಮುಖ್ಯಸ್ಥರು ಆತುರಪಡಲಿಲ್ಲ. ಬೇರೆ 32 ಇಲಿಗಳ ಮೇಲೆ ಅದೇ ಪ್ರಯೋಗ ಮತ್ತೆ ಮಾಡಿಸಿದರು. ಅದೇ ಉತ್ತರ ಬಂತು. ಆಮೇಲೆ ಒಂದು ಸಮ್ಮೇಳನಕ್ಕೆ ಸಾರಾಂಶ ಕಳಿಸಿದೆವು. ಎರಡನೇ ಸಲವೂ ಬಂದ ಫಲಿತಾಂಶ ಅನ್ನುವುದು ನಮಗೆ ದೊಡ್ಡ ಧೈರ್ಯ ಕೊಟ್ಟಿತ್ತು. ಆದರೆ ಎರಡನೇ ಸಲವೂ ಅದೇ ಗಾಡಿ, ಅದೇ ಬಾಟಲಿ, ಅದೇ ಬಾಗಿಲು, ಅದೇ ಖಾಲಿ ಪಂಜರ. ನಮ್ಮ ತಪ್ಪನ್ನು ನಾವೇ ಅಷ್ಟೇ ಶ್ರದ್ಧೆಯಿಂದ ಮತ್ತೊಮ್ಮೆ ಮಾಡಿದ್ದೆವು.

ಒಂದು ಪ್ರಶ್ನೆ

ಮನುಷ್ಯರ ಕುಡಿತದ ಬಗ್ಗೆ ಕೆಲಸ ಮಾಡುವ ತಂಡ ನಮ್ಮ ಫಲಿತಾಂಶದ ಮೇಲೆ ತಮ್ಮ ಅಧ್ಯಯನ ಕಟ್ಟಬೇಕು ಅಂತ ಹೊರಟಿತ್ತು. ಅದಕ್ಕಾಗಿ ಒಂದು ಸಭೆ ಸೇರಿದೆವು. ವಿದ್ಯಾರ್ಥಿನಿ ಚಿತ್ರಗಳನ್ನು ತೋರಿಸಿದಳು. ಹಿರಿಯ ಸಂಶೋಧಕಿ ಸುಮ್ಮನೆ ನೋಡುತ್ತಿದ್ದವರು ಕೊನೆಗೆ ಕೇಳಿದರು.

"ರಕ್ತ ನೋಡಿದೀಯಾ?"

"ಬಾಟಲಿ ತೂಗಿದೀವಲ್ಲ ಮೇಡಂ."

"ಅದು ಸರಿ ಕಣಮ್ಮ. ರಕ್ತದಲ್ಲಿ ಎಷ್ಟಿತ್ತು?"

ಅವರ ಪ್ರಶ್ನೆ ಎಲ್ಲಿಂದ ಬಂತು ಅಂತ ಆಮೇಲೆ ಅವರೇ ವಿವರಿಸಿದರು. ಮನುಷ್ಯರ ಅಧ್ಯಯನದಲ್ಲಿ ಯಾರೂ ಒಂದೇ ಅಳತೆಯನ್ನು ನಂಬುವುದಿಲ್ಲ. ಜನ ಸಮೀಕ್ಷೆಯಲ್ಲಿ ಹೇಳುವ ಕುಡಿತವನ್ನೆಲ್ಲ ಕೂಡಿಸಿದರೆ, ಮಾರಾಟವಾದ ಮದ್ಯದ ಲೆಕ್ಕಕ್ಕಿಂತ ಎಷ್ಟೋ ಕಡಿಮೆ ಬರುತ್ತದೆ. ಬೇಕಂತಲೇ ಸುಳ್ಳು ಹೇಳುತ್ತಾರೆ ಅಂತಲ್ಲ. ಮರೆಯುತ್ತಾರೆ. ಲೋಟದ ಅಳತೆ ಗೊತ್ತಿರುವುದಿಲ್ಲ. ನಾಚಿಕೆಯೂ ಇರುತ್ತದೆ. ಅದಕ್ಕೇ ಉಸಿರು ಪರೀಕ್ಷಿಸುತ್ತಾರೆ, ರಕ್ತ ನೋಡುತ್ತಾರೆ. ಫಾಸ್ಫಟಿಡಿಲ್ ಎಥನಾಲ್ ಅನ್ನುವ ವಸ್ತುವನ್ನೂ ಹುಡುಕುತ್ತಾರೆ. ಮೈಯಲ್ಲಿ ಆಲ್ಕೋಹಾಲ್ ಇದ್ದಾಗ ಮಾತ್ರ ಹುಟ್ಟುವ ಅದು ಕುಡಿದ ಎಷ್ಟೋ ದಿನಗಳ ನಂತರವೂ ರಕ್ತದಲ್ಲಿ ಸಿಗುತ್ತದೆ.

ಕುಡಿದ ದ್ರವವನ್ನೂ ಕುಡಿದೆ ಅನ್ನುವ ನಂಬಿಕೆಯನ್ನೂ ಬೇರೆ ಬೇರೆ ಮಾಡಿ ನೋಡುವ ಅಭ್ಯಾಸವೂ ಅವರಲ್ಲಿದೆ. 1973ರಲ್ಲಿ ಮಾರ್ಲಟ್ ಮತ್ತು ಜೊತೆಗಾರರು ಕುಡಿತದ ಚಟ ಇದ್ದವರಿಗೂ ಇಲ್ಲದವರಿಗೂ 'ರುಚಿ ನೋಡಿ ಹೇಳಿ' ಅಂತ ಪಾನೀಯ ಕೊಟ್ಟರು. ಕೆಲವರಿಗೆ ವೋಡ್ಕಾ ಬೆರೆಸಿದ ಟಾನಿಕ್ ನೀರು, ಕೆಲವರಿಗೆ ಬರೀ ಟಾನಿಕ್ ನೀರು. ಆದರೆ ಹೇಳಿದ್ದು ಬೇರೆ, ಕೊಟ್ಟದ್ದು ಬೇರೆ ಆಗುವಂತೆಯೂ ಗುಂಪು ಮಾಡಿದ್ದರು. ಯಾರು ಎಷ್ಟು ಕುಡಿದರು ಅನ್ನುವುದನ್ನು ನಿರ್ಧರಿಸಿದ್ದು ಲೋಟದಲ್ಲಿ ಇದ್ದ ಆಲ್ಕೋಹಾಲ್ ಅಲ್ಲ. ಇದೆ ಅನ್ನುವ ನಂಬಿಕೆ.

ಇಷ್ಟೆಲ್ಲ ಎಚ್ಚರ ಅವರಲ್ಲಿತ್ತು. ನಮ್ಮಲ್ಲಿ ಇರಲಿಲ್ಲ. ಇಲಿ ಮರೆಯುವುದಿಲ್ಲ, ನಾಚಿಕೊಳ್ಳುವುದಿಲ್ಲ, ಲೆಕ್ಕ ತಪ್ಪಿ ಹೇಳುವುದಿಲ್ಲ. ಆದ್ದರಿಂದ ಅಳತೆ ತಾನಾಗಿ ಸರಿಯಿರುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಈ ಇಡೀ ಪ್ರಕರಣದಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಇದೇ. ನಾವು ಪ್ರಾಣಿಯನ್ನು ನಂಬಿದ್ದು ಸರಿ. ಆದರೆ ನಮ್ಮ ಮತ್ತು ಪ್ರಾಣಿಯ ನಡುವೆ ಒಂದು ಬಾಟಲಿ ಇತ್ತು.

ರಕ್ತ ಪರೀಕ್ಷೆ

ಮೊದಲ ಸಲ ರಕ್ತ ನೋಡಿದಾಗ ಏನೂ ತಿಳಿಯಲಿಲ್ಲ. 24 ಗಂಟೆ ಮುಗಿದ ಮೇಲೆ, ಬಾಟಲಿ ತೆಗೆಯುವ ಹೊತ್ತಿಗೆ ಒಂದೊಂದು ಹನಿ ರಕ್ತ ತೆಗೆದರು. ಎರಡೂ ಗುಂಪಿನಲ್ಲಿ ಆಲ್ಕೋಹಾಲ್ ಹೆಚ್ಚು ಕಡಿಮೆ ಸೊನ್ನೆ. ಇದರಲ್ಲಿ ಆಶ್ಚರ್ಯ ಇಲ್ಲ. ಇಲಿಗಳು ಕತ್ತಲಲ್ಲಿ ಚುರುಕು, ಕುಡಿಯುವುದೂ ಬಹುಪಾಲು ಆಗಲೇ. ಮನುಷ್ಯರಿಗಿಂತ ಹಲವು ಪಟ್ಟು ವೇಗವಾಗಿ ಆಲ್ಕೋಹಾಲನ್ನು ಕರಗಿಸುತ್ತವೆ. ಹೊತ್ತು ತಪ್ಪಿ ತೆಗೆದ ರಕ್ತ ಏನನ್ನೂ ಹೇಳುವುದಿಲ್ಲ.

ಇಲ್ಲಿ ನಾವು ನಿಲ್ಲಬಹುದಿತ್ತು. 'ಪರೀಕ್ಷಿಸಿದೆವು, ಸ್ಪಷ್ಟ ಉತ್ತರ ಬರಲಿಲ್ಲ' ಅಂತ ಒಂದು ಸಾಲು ಬರೆದು ಮುಂದೆ ಹೋಗಬಹುದಿತ್ತು. ಒಬ್ಬಿಬ್ಬರು ಹಾಗೆ ಹೇಳಿದರು ಕೂಡ. ಸಮ್ಮೇಳನ ಹತ್ತಿರ ಬರುತ್ತಿತ್ತು. ಬೇಡ ಅಂದವಳು ವಿದ್ಯಾರ್ಥಿನಿ. ಕತ್ತಲು ಶುರುವಾಗಿ ಕೆಲವೇ ಗಂಟೆಗಳಲ್ಲಿ, ಇಲಿಗಳು ಜಾಸ್ತಿ ಕುಡಿಯುವ ಹೊತ್ತಿಗೇ ರಕ್ತ ತೆಗೆಯುವ ಪದ್ಧತಿ ಇದೆ. 2005ರಿಂದ ಈಚೆಗೆ 'ಕತ್ತಲಲ್ಲಿ ಕುಡಿತ' ಅನ್ನುವ ಪ್ರಯೋಗ ಕ್ರಮ ಇದರಿಂದಲೇ ಜನಪ್ರಿಯವಾಗಿದೆ. ಅವಳು ಅದನ್ನು ನೋಡಿ ಹೊತ್ತು ಬದಲಿಸಿದಳು. ಒತ್ತಡ ಮುಗಿದ ಎರಡು ಗಂಟೆಯ ನಂತರ ಬಾಟಲಿಯನ್ನೂ ತೂಗಿದಳು, ರಕ್ತವನ್ನೂ ತೆಗೆದಳು.

ಈ ಸಲ ಉತ್ತರ ಬಂತು, ಮತ್ತು ಅದು ನಮಗೆ ಬೇಡವಾದ ಉತ್ತರ. ಒತ್ತಡವಿಲ್ಲದ ಗುಂಪಿನಲ್ಲಿ ಬಾಟಲಿ ಜಾಸ್ತಿ ಖಾಲಿಯಾದ ಇಲಿಯ ರಕ್ತದಲ್ಲಿ ಆಲ್ಕೋಹಾಲ್ ಜಾಸ್ತಿ ಇತ್ತು. ಹಾಗೇ ಇರಬೇಕು. ಒತ್ತಡದ ಗುಂಪಿನಲ್ಲಿ ಈ ಸಂಬಂಧವೇ ಮುರಿದುಹೋಗಿತ್ತು. ಬಾಟಲಿಗಳು ಜಾಸ್ತಿ ಖಾಲಿ, ರಕ್ತದಲ್ಲಿ ಏರಿಕೆ ಇಲ್ಲ.

ಒತ್ತಡ ಇಲಿಯ ಮೈ ಆಲ್ಕೋಹಾಲನ್ನು ಹೀರಿಕೊಳ್ಳುವ ರೀತಿಯನ್ನೇ ಬದಲಿಸಿರಬಹುದು ಅಂತ ಒಂದು ವಾರ ಚರ್ಚೆ ನಡೆಯಿತು. ಆ ವಿವರಣೆ ನಮಗೆ ಇಷ್ಟವಾಗಿತ್ತು. ಮೂಲ ಫಲಿತಾಂಶ ಅದರಿಂದ ಉಳಿಯುತ್ತಿತ್ತು.

ಒದ್ದೆಯಾದ ಹೊಟ್ಟು

ವಿದ್ಯಾರ್ಥಿನಿ ಇಲಿಗಳ ಕೋಣೆಯ ಸಹಾಯಕರ ಹತ್ತಿರ ಹೋಗಿ ಕೇಳಿದಳು: "ಈ ಪಂಜರಗಳಲ್ಲಿ ಏನಾದರೂ ಬೇರೆ ಥರ ಕಂಡಿದೆಯಾ ಅಣ್ಣ?" ಅವರು ತಕ್ಷಣ ಹೇಳಿದರು. ಓಡಾಡಿಸುವ ಪಂಜರಗಳಲ್ಲಿ ಬಾಟಲಿಯ ಕೆಳಗಿನ ಮೂಲೆಯ ಮರದ ಹೊಟ್ಟು ಒದ್ದೆಯಾಗಿರುತ್ತದೆ. ಹೆದರಿದ ಇಲಿ ಜಾಸ್ತಿ ಉಚ್ಚೆ ಮಾಡುತ್ತದೆ ಅಂತ ಅವರು ಅಂದುಕೊಂಡಿದ್ದರಂತೆ. ಹೊಟ್ಟು ಬದಲಿಸಿ ಸುಮ್ಮನಾಗುತ್ತಿದ್ದರು. ಎರಡು ಸುತ್ತಿನ ಪ್ರಯೋಗ ಮುಗಿಯುವವರೆಗೆ ನಾವು ಯಾರೂ ಅವರನ್ನು ಏನೂ ಕೇಳಿರಲಿಲ್ಲ. ದಿನಾ ಆ ಪಂಜರಗಳ ಒಳಗೆ ಕೈ ಹಾಕುತ್ತಿದ್ದವರು ಅವರೊಬ್ಬರೇ.

ಮಾರನೇ ದಿನ ಒಂದು ಖಾಲಿ ಪಂಜರಕ್ಕೆ ಎರಡೂ ಬಾಟಲಿ ಹಾಕಿ, ಕೆಳಗೆ ಹೊಟ್ಟಿನ ಬದಲು ಬಿಳಿ ಕಾಗದ ಹಾಸಿದೆವು. ಗಾಡಿಯ ಮೇಲಿಟ್ಟು ಎಂದಿನ ದಾರಿಯಲ್ಲೇ ತಳ್ಳಿದೆವು. ನಾನು ಬಗ್ಗಿ ಬಾಟಲಿಯ ಉಕ್ಕಿನ ಮೂತಿಯನ್ನೇ ನೋಡುತ್ತಾ ಜೊತೆಗೆ ನಡೆದೆ. ರ‍್ಯಾಕ್‌ನಿಂದ ಎತ್ತಿದಾಗ ಏನೂ ಆಗಲಿಲ್ಲ. ಬಾಗಿಲ ಹೊಸ್ತಿಲು ಅಂಗೈಯಷ್ಟೂ ದಪ್ಪ ಇಲ್ಲ, ಒಂದು ತೆಳ್ಳನೆಯ ಪಟ್ಟಿ ಅಷ್ಟೇ. ಗಾಡಿಯ ಮುಂದಿನ ಚಕ್ರ ಅದನ್ನು ಹತ್ತಿ ಇಳಿಯಿತು. ಬಾಟಲಿಯೊಳಗೆ ಒಂದು ಗುಳ್ಳೆ ಮೇಲೇರಿತು. ಮೂತಿಯ ತುದಿಯಲ್ಲಿ ಹನಿ ಮೂಡಿ, ಒಂದು ಕ್ಷಣ ನೇತಾಡಿ, ಕಾಗದದ ಮೇಲೆ ಬಿತ್ತು. ಹಿಂದಿನ ಚಕ್ರ ಹತ್ತಿದಾಗ ಇನ್ನೊಂದು.

ಪಕ್ಕದ ಕೋಣೆ ಸ್ವಲ್ಪ ಬೆಚ್ಚಗಿತ್ತು. ಅಲ್ಲಿ ಪಂಜರ ಸುಮ್ಮನೆ ನಿಂತಿದ್ದಾಗಲೂ ಹನಿ ಬೀಳುತ್ತಲೇ ಇತ್ತು. ಬಾಟಲಿಯ ಮೇಲ್ಭಾಗದ ಗಾಳಿ ಬಿಸಿಗೆ ಹಿಗ್ಗಿ ದ್ರವವನ್ನು ಕೆಳಗೆ ತಳ್ಳುತ್ತದೆ. ಬಾಟಲಿ ಎಷ್ಟು ಖಾಲಿಯಿದೆಯೋ ಒಳಗೆ ಗಾಳಿ ಅಷ್ಟು ಜಾಸ್ತಿ, ಸೋರುವುದೂ ಅಷ್ಟೇ ಜಾಸ್ತಿ.

ಕಾಗದದ ಮೇಲೆ ಎರಡು ಕಲೆ ಇದ್ದವು. ಆಲ್ಕೋಹಾಲ್ ಬಾಟಲಿಯ ಕೆಳಗಿನದು ನೀರಿನದಕ್ಕಿಂತ ದೊಡ್ಡದು. ಅದನ್ನು ನೋಡಿ, ಆಲ್ಕೋಹಾಲ್‌ನ ಪಾಲು ಎಷ್ಟು ಅಂತ ನಾನು ಮಾಡಿದ್ದ ಲೆಕ್ಕ ನೆನಪಾಯಿತು. ಆಲ್ಕೋಹಾಲ್ ಬೆರೆತ ನೀರಿನ ಮೇಲ್ಮೈ ಸೆಳೆತ ಬರೀ ನೀರಿನದಕ್ಕಿಂತ ತುಂಬಾ ಕಡಿಮೆ. ನೀರಿನ ಹನಿ ಮೂತಿಗೆ ಅಂಟಿಕೊಂಡು ನಿಲ್ಲುತ್ತದೆ, ಆಲ್ಕೋಹಾಲ್ ಹನಿ ಬೇಗ ಜಾರುತ್ತದೆ. ಎರಡೂ ಬಾಟಲಿ ಸಮನಾಗಿ ಅಲುಗಿದರೂ ಆಲ್ಕೋಹಾಲ್ ಬಾಟಲಿಯೇ ಜಾಸ್ತಿ ಸೋರುತ್ತದೆ. ನಾನು ಇಲಿಯ ಆಯ್ಕೆ ಅಂತ ಬರೆದುಕೊಟ್ಟದ್ದು ಹನಿಯ ಗುಣ.

ಎಷ್ಟು ಸೋರಿತು? ಆ ದಿನದ ಓಡಾಟದಲ್ಲಿ ಸುಮಾರು ಅರ್ಧ ಮಿಲಿಲೀಟರ್. ಕೇಳಲು ಏನೂ ಅಲ್ಲ, ಅಲ್ವಾ? ಆದರೆ ಈ ಇಲಿ ತೂಗುವುದು 25 ಗ್ರಾಂ. 20 ಪ್ರತಿಶತದ ಅರ್ಧ ಮಿಲಿಯಲ್ಲಿ ಆಲ್ಕೋಹಾಲ್ ಸುಮಾರು 0.08 ಗ್ರಾಂ. ಮೈತೂಕದ ಕಿಲೋ ಲೆಕ್ಕಕ್ಕೆ ತಂದರೆ 3.2 ಗ್ರಾಂ. ಎರಡು ಗುಂಪುಗಳ ನಡುವೆ ನಾವು ಕಂಡಿದ್ದ ವ್ಯತ್ಯಾಸದ ಬಹುಪಾಲು ಅಲ್ಲಿಗೆ ಮುಗಿಯಿತು. ಇಷ್ಟು ಸಣ್ಣ ಪ್ರಾಣಿಯ ಪ್ರಯೋಗದಲ್ಲಿ ಒಂದು ಹನಿಯನ್ನೂ ಉಪೇಕ್ಷೆ ಮಾಡುವ ಹಾಗಿಲ್ಲ.

ಆಮೇಲೆ

ಮುಖ್ಯಸ್ಥರು ಆ ದಿನ ಸಂಜೆಯೇ ಸಮ್ಮೇಳನಕ್ಕೆ ಬರೆದು ಸಾರಾಂಶ ವಾಪಸ್ ತೆಗೆದುಕೊಂಡರು. ಕಾರಣವನ್ನೂ ಬರೆದರು. 'ತಾಂತ್ರಿಕ ಕಾರಣ' ಅಂತ ಒಂದೇ ಮಾತಲ್ಲಿ ಮುಗಿಸಬಹುದು ಅಂತ ಯಾರೋ ಸಲಹೆ ಕೊಟ್ಟರು. ಅವರು ಒಪ್ಪಲಿಲ್ಲ. ಬೇರೆ ಪ್ರಯೋಗಾಲಯಗಳಲ್ಲೂ ಇದೇ ಗಾಡಿ, ಇದೇ ಬಾಟಲಿಗಳಿರುತ್ತವೆ ಅಂದರು.

ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿಗೂ ತಿಳಿಸಿದೆವು. ಈ ಪ್ರಕರಣದಲ್ಲಿ ನನಗೆ ಈಗಲೂ ನೋವು ಕೊಡುವುದು ಇದೇ. ಎರಡು ಸುತ್ತು ಸೇರಿ 64 ಇಲಿಗಳು. ಅರ್ಧದಷ್ಟು ಇಲಿಗಳನ್ನು ಮತ್ತೆ ಮತ್ತೆ ಹೆದರಿಸಿ ನಾವು ಅಳೆದದ್ದು ಹೊಸ್ತಿಲಿನ ಎತ್ತರವನ್ನು. 1959ರಲ್ಲಿ ರಸೆಲ್ ಮತ್ತು ಬರ್ಚ್ ಪ್ರಾಣಿ ಪ್ರಯೋಗಕ್ಕೆ ಮೂರು ಸೂತ್ರ ಕೊಟ್ಟರು: ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ದಾರಿ, ಬಳಸಲೇಬೇಕಾದರೆ ಕಡಿಮೆ ಸಂಖ್ಯೆ, ಬಳಸಿದವಕ್ಕೆ ಕಡಿಮೆ ನೋವು. ನಾವು ಅದನ್ನು ಅನುಮತಿಯ ಅರ್ಜಿಯಲ್ಲಿ ತುಂಬುವ ಅಂಕಣವಾಗಿ ನೋಡಿದ್ದೆವು. ಅಳತೆ ಸರಿಯಿಲ್ಲದ ಪ್ರಯೋಗದಲ್ಲಿ ಎಷ್ಟೇ ಕಡಿಮೆ ಪ್ರಾಣಿ ಬಳಸಿದರೂ ಅದು ಜಾಸ್ತಿಯೇ.

ಮೂರನೇ ಸುತ್ತು ಬೇರೆ ಥರ ನಡೆಯಿತು. ಪ್ರತಿ ಇಲಿಯನ್ನೂ ಅದರ ಜೊತೆಗೇ ಹೋಲಿಸಿದೆವು, ಕೆಲವು ವಾರ ಒತ್ತಡ, ಕೆಲವು ವಾರ ಇಲ್ಲ. ಹೀಗಾಗಿ 12 ಇಲಿಗಳು ಸಾಕಾದವು. ಗಾಡಿ ಹತ್ತುವ ಮೊದಲು ಬಾಟಲಿಗಳನ್ನು ತೆಗೆದೆವು. ಒತ್ತಡ ಇಲ್ಲದ ವಾರಗಳಲ್ಲೂ ಅಷ್ಟೇ ಹೊತ್ತು ತೆಗೆದೆವು, ಅಷ್ಟೇ ದೂರ ಪಂಜರ ಓಡಾಡಿಸಿದೆವು. ಸರಿಯಾದ ಹೊತ್ತಿನಲ್ಲಿ ರಕ್ತವನ್ನೂ ನೋಡಿದೆವು.

ಒತ್ತಡದ ದಿನಗಳಲ್ಲಿ ಕುಡಿತ ಏರಲಿಲ್ಲ. ಕೊಳವೆಯಿಂದ ಬಿಟ್ಟ ಮೇಲೆ ಸುಮಾರು ಒಂದು ಗಂಟೆ ಇಲಿಗಳು ಎರಡೂ ಬಾಟಲಿಗಳ ಹತ್ತಿರ ಹೋಗುವುದೇ ಕಡಿಮೆ. ಮೂಲೆಯಲ್ಲಿ ಕೂತು ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತಿದ್ದವು, ಹೊಟ್ಟನ್ನು ಗುಡ್ಡೆ ಮಾಡಿ ಅದರೊಳಗೆ ಸೇರಿಕೊಳ್ಳುತ್ತಿದ್ದವು. ಮೊದಲ ಎರಡು ಸುತ್ತಿನಲ್ಲೂ ಅವು ಹೀಗೇ ಕೂತಿರಬೇಕು. ನಾವು ಇಲಿಯನ್ನು ನೋಡದೆ ತೂಕದ ಯಂತ್ರವನ್ನು ನೋಡುತ್ತಿದ್ದೆವು. ಇದರಿಂದ ಒತ್ತಡಕ್ಕೂ ಕುಡಿತಕ್ಕೂ ಸಂಬಂಧವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಈ ಒತ್ತಡ, ಈ ತಳಿ, ಇಷ್ಟು ವಾರ, ಇಷ್ಟಕ್ಕೆ ಮಾತ್ರ ನಮ್ಮ ಉತ್ತರ ನಿಲ್ಲುತ್ತದೆ.

ಮನುಷ್ಯರ ಅಧ್ಯಯನ ನಿಲ್ಲಲಿಲ್ಲ, ಆದರೆ ಅದರ ರೂಪ ಬದಲಾಯಿತು. ಭಾಗವಹಿಸಿದವರು ಅಪರಿಚಿತರ ಮುಂದೆ ಭಾಷಣ ಮಾಡಿ, ಬಾಯಲ್ಲೇ ಕಠಿಣ ಲೆಕ್ಕ ಮಾಡುವ ಒತ್ತಡದ ಪರೀಕ್ಷೆ 1993ರಿಂದ ಬಳಕೆಯಲ್ಲಿದೆ. ಅದರ ನಂತರ ರುಚಿ ನೋಡುವ ಪರೀಕ್ಷೆ ಇಡುವುದು ಅವರ ಯೋಜನೆ. ಮೊದಲು ಅವರು 'ಒತ್ತಡದಿಂದ ಕುಡಿತ ಏರುತ್ತದೆ' ಅನ್ನುವ ಒಂದೇ ದಿಕ್ಕಿನ ಊಹೆ ಇಟ್ಟುಕೊಂಡು, ಅದಕ್ಕೆ ತಕ್ಕಂತೆ ಜನರ ಸಂಖ್ಯೆ ಲೆಕ್ಕ ಹಾಕಿದ್ದರು. ಅದನ್ನು ಕೈಬಿಟ್ಟು ಎರಡೂ ದಿಕ್ಕಿಗೆ ಜಾಗ ಕೊಟ್ಟರು. ಲೋಟ ತೂಗುವುದರ ಜೊತೆ ಉಸಿರಿನ ಪರೀಕ್ಷೆ ಮೊದಲೇ ಇತ್ತು. ನಮ್ಮಿಂದ ಒಂದು ವಿಷಯ ತೆಗೆದುಕೊಂಡರು: ಪ್ರತಿ ಸಲವೂ ಯಾರೂ ಮುಟ್ಟದ ಒಂದು ಲೋಟ ಅದೇ ಮೇಜಿನ ಮೇಲೆ, ಅಷ್ಟೇ ಹೊತ್ತು ಇರುತ್ತದೆ. ಅದನ್ನೂ ತೂಗುತ್ತಾರೆ.

ನಮ್ಮ ಖಾಲಿ ಪಂಜರವೂ ಈಗ ರ‍್ಯಾಕ್‌ನಲ್ಲಿ ಕೂರುವುದಿಲ್ಲ. ಇಲಿ ಇರುವ ಪಂಜರ ಎಲ್ಲೆಲ್ಲಿ ಹೋಗುತ್ತದೋ ಅದೂ ಅಲ್ಲಿಗೆಲ್ಲ ಹೋಗಿ ಬರುತ್ತದೆ. ದಿನದ ಪುಸ್ತಕದಲ್ಲಿ ಮೊದಲ ಸಾಲು ಅದರದೇ. ಪಕ್ಕದಲ್ಲಿ ಒಂದು ಹೊಸ ಅಂಕಣ ಇದೆ, ಹೊಟ್ಟು ಒಣ ಅಥವಾ ಒದ್ದೆ. ಅದನ್ನು ತುಂಬುವುದು ಇಲಿಗಳ ಕೋಣೆಯ ಸಹಾಯಕರು. ಅವರು ಬರೆಯುವವರೆಗೆ ಆ ದಿನದ ಲೆಕ್ಕವನ್ನು ನಾನು ಶುರು ಮಾಡುವುದಿಲ್ಲ.